ಒಂದು ಮರದೊಂದಿಗೆ ನೆಂಟಸ್ತಿಕೆ: ಋಣ ತೀರಿಸಬೇಕು ಎನ್ನುವವರಿಗೆ ಒಂದು ವರ್ಷದ ದಾರಿ

“ಮರಗಳೆಂದರೆ ನನಗೆ ಜೀವ. ಆದರೆ ಇರುವುದು ಬಾಡಿಗೆ ಮನೆ, ಒಂದಡಿ ಮಣ್ಣೂ ನಮ್ಮದಲ್ಲ. ನಾನೇನು ಮಾಡಬಹುದು?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನಷ್ಟು ಬರುತ್ತವೆ. ಬುಡಕ್ಕೆ ದಿನಾ ನೀರು ಹಾಕಬೇಕೇ? ಕಾಂಡಕ್ಕೆ ಅರಿಶಿನ-ಕುಂಕುಮ ಹಚ್ಚಿದರೆ ತೊಂದರೆಯೇ? ಹೊಡೆದ ಮೊಳೆ ಕೀಳಬಹುದೇ? ಕಡಿಯಲು ಬಂದರೆ ಯಾರಿಗೆ ಹೇಳಬೇಕು?

ಎಲ್ಲರಿಗೂ ನಾನು ಹೇಳುವುದು ಒಂದೇ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದೇ ಒಂದು ಮರವನ್ನು ನಿಮ್ಮದೆಂದುಕೊಳ್ಳಿ. ಒಂದು ವರ್ಷ ಅದರ ಕಷ್ಟಸುಖ ವಿಚಾರಿಸಿ. ಅರಳಿಗೂ ಬೇವಿಗೂ ಮದುವೆ ಮಾಡಿಸಿದ, ವಿಜಯದಶಮಿಯಂದು ಬನ್ನಿ ಎಲೆಯನ್ನು ಬಂಗಾರವೆಂದು ಕೈಗಿಟ್ಟ, ಕೊಡಗಿನಲ್ಲಿ ದೇವರಕಾಡು ಬಿಟ್ಟ ಜನ ನಾವು. ಮರ ನಮ್ಮವರು ಎಂಬ ಭಾವನೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕಡಿಮೆಯಾಗಿರುವುದು ಆರೈಕೆ. ಪೂಜೆ ನಡೆಯುತ್ತಿರುವ ಎಷ್ಟೋ ಮರಗಳ ಬುಡದಲ್ಲಿ ಇವತ್ತು ಉಸಿರಾಡಲು ಅಂಗೈಯಗಲ ಮಣ್ಣಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಟೈಲರ್ ಟೇಪು, ಒಂದು ನೋಟ್‌ಬುಕ್ಕು, ಇಕ್ಕಳ, ಕತ್ತರಿ, ಸಣ್ಣ ಗುದ್ದಲಿ, ಒಂದು ಬಕೆಟ್ಟು. ಏಣಿ ಬೇಡ. ನೆಲದ ಮೇಲೆ ನಿಂತು ಕೈಗೆ ಎಟುಕುವಷ್ಟೇ ನಿಮ್ಮ ಕೆಲಸ.

1. ಮರ ಆರಿಸಿಕೊಳ್ಳುವುದು

ದಿನವೂ ನೀವು ಹಾದುಹೋಗುವ ದಾರಿಯಲ್ಲಿರುವ ಮರವನ್ನೇ ಆರಿಸಿ. ಊರಾಚೆಯ ದೊಡ್ಡ ಆಲ ಚೆಂದವಿರಬಹುದು, ಆದರೆ ತಿಂಗಳಿಗೊಮ್ಮೆ ಕಾಣುವವರ ಜೊತೆ ನೆಂಟಸ್ತಿಕೆ ಬೆಳೆಯುವುದು ಕಷ್ಟ. ಹಾಲಿನ ಬೂತಿನ ಪಕ್ಕದ ಹೊಂಗೆ, ಬಸ್‌ಸ್ಟಾಪಿನ ಮಳೆಮರ, ಶಾಲೆ ಕಾಂಪೌಂಡಿನ ನೇರಳೆ, ಯಾವುದಾದರೂ ಆಗಬಹುದು.

“ಅದು ನಮ್ಮ ದೇಶದ ಮರವಲ್ಲವಂತೆ” ಎಂದು ಕೆಲವರು ಹಿಂಜರಿಯುತ್ತಾರೆ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಮತ್ತು ಜಕರಂಡಾ ದಕ್ಷಿಣ ಅಮೆರಿಕದವು, ನಿಜ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿ ಹೂ ಮುಗಿಸುವಾಗ ಇನ್ನೊಂದು ಜಾತಿ ಅರಳಬೇಕು ಎಂಬ ಲೆಕ್ಕದಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಂಥ ಮರಗಳನ್ನು ಆರಿಸಿದರು. ಹೊಸದಾಗಿ ನೆಡುವಾಗ ನಮ್ಮ ನೆಲದ ಜಾತಿಗಳನ್ನೇ ನೆಡಿ ಎಂದು ನಾನೂ ಹೇಳುತ್ತೇನೆ. ಆದರೆ ಈಗಾಗಲೇ ನಿಂತು ನೆರಳು ಕೊಡುತ್ತಿರುವ ಮರದ ಊರು ಕೇಳುವುದು ಸರಿಯಲ್ಲ.

ಎಚ್ಚರಿಕೆ: ಖಾಸಗಿ ಜಾಗದ ಮರವಾದರೆ ಮಾಲೀಕರಿಗೆ ಮೊದಲೇ ಹೇಳಿ. ದೇವಸ್ಥಾನದ ಕಟ್ಟೆಯಾದರೆ ಅರ್ಚಕರನ್ನೂ ಅಲ್ಲಿ ಹೂ ಮಾರುವವರನ್ನೂ ಮಾತನಾಡಿಸಿ. ಅವರು ನಿಮ್ಮ ಜೊತೆಯಾದರೆ ಅರ್ಧ ಕೆಲಸ ಆದಂತೆ.

2. ಹೆಸರು ತಿಳಿಯುವುದು

ಹೆಸರು ಗೊತ್ತಿಲ್ಲದವರನ್ನು ನೆಂಟರು ಎನ್ನಲಾಗದು. ಮೊದಲು ಸ್ಥಳೀಯರನ್ನು ಕೇಳಿ. ಆಡು ಮೇಯಿಸುವವರು, ಹಳೆಯ ಕಾಲದ ಅಜ್ಜಿಯರು ಫೋನಿನ ಆ್ಯಪ್‌ಗಿಂತ ಚೆನ್ನಾಗಿ ಹೇಳುತ್ತಾರೆ. ಆಮೇಲೆ ಎಲೆ ನೋಡಿ.

ಎಲೆ ನೋಡುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಬೇವು, ಹೊಂಗೆ, ಹುಣಸೆಯಲ್ಲಿ ನಾವು ಎಲೆ ಅಂದುಕೊಳ್ಳುವುದು ನಿಜಕ್ಕೂ ಎಲೆಯ ಒಂದು ಭಾಗ. ಅದಕ್ಕೆ ಕಿರುಎಲೆ ಎನ್ನುತ್ತಾರೆ. ಅಂಥ ಹಲವು ಕಿರುಎಲೆಗಳು ಒಂದೇ ಕಡ್ಡಿಗೆ ಜೋಡಿಸಿಕೊಂಡು ಸಂಯುಕ್ತ ಎಲೆ ಆಗುತ್ತದೆ. ಪತ್ತೆ ಮಾಡುವುದು ಸುಲಭ: ಪೂರ್ತಿ ಎಲೆಯ ಬುಡದಲ್ಲಿ, ಅದು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಹೊಂಗೆಯ ಕಡ್ಡಿಯಲ್ಲಿ ಸಾಮಾನ್ಯವಾಗಿ ಐದೋ ಏಳೋ ನುಣುಪಾದ ಕಿರುಎಲೆ, ತುದಿಗೊಂದು ಒಂಟಿ. ಬೇವಿನ ಕಿರುಎಲೆ ಸ್ವಲ್ಪ ಸೊಟ್ಟ, ಅಂಚು ಗರಗಸದ ಹಾಗೆ.

ಎಲೆ ಚಿವುಟಿದಾಗ ಹಾಲು ಬಂದರೆ ಆಲ, ಅರಳಿ, ಅತ್ತಿ, ಬಸರಿ, ಗೋಣಿಯ ಬಳಗ ಇರಬಹುದು. ಹಲಸೂ ಇದೇ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅರಳಿ ಎಲೆಗೆ ಉದ್ದ ಬಾಲವಿದೆ. ಅತ್ತಿಯ ಹಣ್ಣು ಕಾಂಡಕ್ಕೇ ಅಂಟಿಕೊಂಡು ಗೊಂಚಲಾಗಿ ಬಿಡುತ್ತದೆ. ಇನ್ನು ಕಾಂಪೌಂಡುಗಳ ಪಕ್ಕ ಕಂಬದಂತೆ ನೇರ ನಿಂತಿರುವ ಮರವನ್ನು ಅಶೋಕ ಎಂದು ಬರೆದುಕೊಳ್ಳಬೇಡಿ. ನಿಜವಾದ ಅಶೋಕ ಬೇರೆಯೇ ಮರ. ಅದು ಕಿತ್ತಳೆ-ಕೆಂಪು ಹೂವಿನ ಗೊಂಚಲು ಬಿಡುತ್ತದೆ.

3. ಅಳತೆ ಮತ್ತು ಪುಸ್ತಕ

ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. ಅರಣ್ಯ ಇಲಾಖೆಯವರು ಎದೆಯೆತ್ತರದ ಅಳತೆ ಎನ್ನುವುದು ಇದಕ್ಕೇ. ಇಳಿಜಾರಿನಲ್ಲಿದ್ದರೆ ಮೇಲುಬದಿಯ ನೆಲದಿಂದ ಎಣಿಸಿ. ಆಲದ ಮರವಾದರೆ ಬಿಳಲುಗಳನ್ನು ಬಿಟ್ಟು ಮುಖ್ಯ ಕಾಂಡವನ್ನಷ್ಟೇ ಅಳೆಯಿರಿ. ವರ್ಷದ ಕೊನೆಗೆ ಅದೇ ತಿಂಗಳಲ್ಲಿ, ಅದೇ ಎತ್ತರದಲ್ಲಿ ಮತ್ತೊಮ್ಮೆ ತೆಗೆದರೆ ಮರ ಎಷ್ಟು ಬೆಳೆಯಿತೆಂದು ತಿಳಿಯುತ್ತದೆ. ಅಳತೆಯ ಗುರುತಿಗೆ ಮೊಳೆ ಹೊಡೆಯಬೇಡಿ, ಚಾಕುವಿನಿಂದ ಗೀರಬೇಡಿ, ಚಾಕ್‌ಪೀಸ್ ಸಾಕು.

ವಾರಕ್ಕೊಮ್ಮೆ ಎರಡು ಸಾಲು ಬರೆಯಿರಿ: ಚಿಗುರು ಇದೆಯೇ, ಹೂವು, ಕಾಯಿ, ಉದುರುವ ಎಲೆ, ಬಂದ ಹಕ್ಕಿ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಒಮ್ಮೆಲೇ ತಿಳಿಹಸಿರಾಗುವುದನ್ನು, ಸಂಜೆಯಾದರೆ ಮಳೆಮರ ಎಲೆ ಮಡಚುವುದನ್ನು ಬರೆದಿಟ್ಟಾಗಲೇ ಸರಿಯಾಗಿ ನೋಡಿದಂತಾಗುವುದು. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ನಾನಾ ಕಡೆಯ ಜನ ತಮ್ಮ ತಮ್ಮ ಮರವನ್ನು ನೋಂದಾಯಿಸಿ ಪ್ರತಿವಾರ ಇದೇ ಮಾಹಿತಿ ಸೇರಿಸುತ್ತಾರೆ. ನಿಮ್ಮ ಟಿಪ್ಪಣಿಯನ್ನು ಅಲ್ಲಿಗೂ ಕಳಿಸಬಹುದು. ಹೂ ಬಿಡುವ ಕಾಲ ಬದಲಾಗುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳಿಗೆ ಇದು ಬೇಕು.

4. ಬುಡಕ್ಕೆ ಮಣ್ಣು ಬಿಡಿಸುವುದು

ಉಳಿದೆಲ್ಲ ಹಂತಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ. ಊರಿನ ಮರಗಳಿಗೆ ಕೊಡಲಿಗಿಂತ ನಿಧಾನದ ಸಾವು ಬರುವುದು ಸಿಮೆಂಟಿನಿಂದ.

ಬೇರು ಎಂದರೆ ಕಾಂಡದ ಕೆಳಗೆ ಪಾತಾಳಕ್ಕೆ ಇಳಿಯುವ ಗೂಟ ಎಂದು ನಾವು ಕಲ್ಪಿಸಿಕೊಂಡಿದ್ದೇವೆ. ನೀರು-ಸತ್ವ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿ. ಅವು ಕೊಂಬೆಗಳ ಹರವನ್ನೂ ದಾಟಿ ಹರಡಿರುತ್ತವೆ. ಈ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಫುಟ್‌ಪಾತಿನ ಟೈಲ್ಸು, ಕಾಂಕ್ರೀಟು ಕಾಂಡಕ್ಕೆ ತಾಗುವ ಹಾಗೆ ಬಂದಾಗ ಎರಡೂ ನಿಲ್ಲುತ್ತವೆ. ಕೆಲವು ವರ್ಷಗಳಲ್ಲಿ ತುದಿಕೊಂಬೆಗಳು ಒಣಗಲು ಶುರುವಾಗುತ್ತವೆ. ಆಮೇಲೊಂದು ಮಳೆಗಾಲದಲ್ಲಿ ಮರ ಉರುಳುತ್ತದೆ, ಬೈಗುಳ ಮರಕ್ಕೆ ಬೀಳುತ್ತದೆ.

ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಜಾಗ ತೆರೆದಿರಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಕೊಟ್ಟ ಆದೇಶದಲ್ಲೂ ಇದೇ ಅಳತೆ ಇದೆ. ರಸ್ತೆಬದಿಯ ಕಾಂಕ್ರೀಟನ್ನು ನೀವೇ ಒಡೆಯಲು ಹೋಗಬೇಡಿ. ಅದು ಪಾಲಿಕೆಯ ಆಸ್ತಿ, ಜೊತೆಗೆ ಹಾರೆ ಬೀಸುವ ಕೈ ಬೇರನ್ನೂ ಕಡಿಯುತ್ತದೆ. ಫೋಟೊ, ಜಾಗದ ಗುರುತು, ಅಳತೆ ಬರೆದು ವಾರ್ಡ್ ಎಂಜಿನಿಯರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ನಿಮ್ಮ ಬೀದಿಯಲ್ಲಿ ಫುಟ್‌ಪಾತ್ ಕೆಲಸ ಶುರುವಾದ ದಿನವೇ ಹೋಗಿ ಮೇಸ್ತ್ರಿಯ ಹತ್ತಿರ ಮಾತಾಡುವುದು ಎಲ್ಲಕ್ಕಿಂತ ಒಳ್ಳೆಯದು. ಹಾಕಿದ ಮೇಲೆ ತೆಗೆಸುವುದಕ್ಕಿಂತ ಹಾಕುವ ಮೊದಲು ಬಿಡಿಸುವುದು ಎಷ್ಟೋ ಸಲೀಸು.

ಕಟ್ಟೆ ಕಟ್ಟಿಸುವವರಿಗೆ ಒಂದು ಮಾತು. ಕಾಂಡದ ಸುತ್ತ ಗೋಡೆ ಎಬ್ಬಿಸಿ ಒಳಗೆ ಎರಡು ಮೂರಡಿ ಮಣ್ಣು ತುಂಬಿಸುವ ಪದ್ಧತಿ ಅರಳಿ, ಆಲಗಳಿಗೆ ನಡೆದುಬಂದಿದೆ. ಅವು ಕಾಂಡದಿಂದಲೇ ಹೊಸ ಬೇರು ಬಿಡುವ ಜಾತಿ, ಹೇಗೋ ತಡೆದುಕೊಳ್ಳುತ್ತವೆ. ಅದನ್ನೇ ನೋಡಿ ಮಾವು, ಬೇವು, ಹೊಂಗೆಗೆ ಮಾಡಿಸಿದರೆ ಕಾಂಡದ ತೊಗಟೆ ತೇವದಲ್ಲಿ ಕೊಳೆಯುತ್ತದೆ, ಕೆಳಗಿನ ಹಳೆಯ ಬೇರುಗಳಿಗೆ ಉಸಿರು ಕಟ್ಟುತ್ತದೆ. ಕೂರಲು ಕಟ್ಟೆ ಬೇಕೇ ಬೇಕೆಂದರೆ ಕಾಂಡದಿಂದ ದೂರದಲ್ಲಿ ಕಲ್ಲುಬೆಂಚು ಹಾಕಿಸಿ. ಕಾಂಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು.

ತೆರೆದ ಮಣ್ಣಿನ ಮೇಲೆ ಉದುರಿದ ಎಲೆಯನ್ನೇ ಮೂರು ನಾಲ್ಕು ಅಂಗುಲ ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಇದಕ್ಕೆ ಮಲ್ಚಿಂಗ್ ಎನ್ನುತ್ತಾರೆ, ಅಂದರೆ ಮಣ್ಣಿಗೆ ಹೊದಿಕೆ. ತೇವ ಉಳಿಯುತ್ತದೆ, ಎಲೆ ಕೊಳೆತು ಗೊಬ್ಬರವಾಗುತ್ತದೆ. ಬೀದಿ ಗುಡಿಸುವವರು ಎಲೆಯನ್ನು ಬುಡದಲ್ಲೇ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರೆ ಅವರ ಜೊತೆ ಸಮಾಧಾನದಿಂದ ಮಾತನಾಡಿ. ಎಲೆ ಹಾಕಲು ಜಾಗ ತೋರಿಸಿದರೆ ಅವರಿಗೂ ಕೆಲಸ ಕಡಿಮೆ.

5. ಮೊಳೆ, ತಂತಿ, ಬೋರ್ಡು

ತೊಗಟೆಯ ಕೆಳಗೆ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಒಳಗೆ ಹೊಸ ಮರವನ್ನೂ ಹೊರಗೆ ಹೊಸ ತೊಗಟೆಯನ್ನೂ ಹುಟ್ಟಿಸುವುದು ಅದೇ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಕಾಂಡಕ್ಕೆ ಸುತ್ತಿದ ಕೇಬಲ್ಲು, ಬ್ಯಾನರ್ ತಂತಿ ವರ್ಷ ಕಳೆದಂತೆ ಆ ದಾರಿಯನ್ನು ಬಿಗಿದು ಮುಚ್ಚುತ್ತದೆ. ಆದ್ದರಿಂದ ಮೊದಲ ಕೆಲಸ ತಂತಿ ಬಿಡಿಸುವುದು. ತೊಗಟೆಯೊಳಗೆ ಹೂತುಹೋಗಿದ್ದರೆ ಎಳೆದು ಹರಿಯಬೇಡಿ; ಹೊರಗೆ ಕಾಣುವಲ್ಲಿ ಎರಡು ಮೂರು ಕಡೆ ತುಂಡರಿಸಿ ಬಿಗಿ ಸಡಿಲಿಸಿದರೆ ಸಾಕು.

ಮೊಳೆಯ ವಿಷಯದಲ್ಲೂ ಹಾಗೆಯೇ. ತಲೆ ಹೊರಗಿದ್ದು ಇಕ್ಕಳಕ್ಕೆ ಸಿಗುವುದನ್ನು ನೇರವಾಗಿ ಎಳೆದು ತೆಗೆಯಿರಿ. ಮರ ನುಂಗಿಕೊಂಡಿರುವುದನ್ನು ಅಗೆದು ತೆಗೆಯಲು ಹೋದರೆ ಹಳೆಯ ಗಾಯಕ್ಕಿಂತ ದೊಡ್ಡ ಗಾಯ ಮಾಡಿದಂತೆ. ತೆಗೆದ ತೂತಿಗೆ ಅರಿಶಿನ, ಸಿಮೆಂಟು, ಟಾರು ಏನೂ ಮೆತ್ತಬೇಡಿ. ಮರ ತನ್ನ ಗಾಯವನ್ನು ಸುತ್ತಲಿನ ಅಂಗಾಂಶದಿಂದ ಪ್ರತ್ಯೇಕಿಸಿ, ಮೇಲೆ ಹೊಸ ತೊಗಟೆ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಗಾಳಿಯಾಡಲು ಬಿಟ್ಟರೆ ಆ ಕೆಲಸ ಚೆನ್ನಾಗಿ ಆಗುತ್ತದೆ. ಟ್ಯೂಷನ್, ಪಿ.ಜಿ. ಬೋರ್ಡು ತೆಗೆಯುವ ಮೊದಲು ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಹೇಳಿ. ಜಗಳ ತಪ್ಪುತ್ತದೆ, ಅದೇ ಬೋರ್ಡು ಮರುವಾರ ಇನ್ನೊಂದು ಮರಕ್ಕೆ ಹೋಗುವುದೂ ತಪ್ಪುತ್ತದೆ. ವಿದ್ಯುತ್ ತಂತಿ, ದೀಪದ ಸರ ಇದ್ದರೆ ಮುಟ್ಟಬೇಡಿ, ವಿದ್ಯುತ್ ಕಂಪನಿಯವರಿಗೆ ತಿಳಿಸಿ.

ಕಾಂಡದಲ್ಲಿ ಪೊಟರೆ ಇದ್ದರೆ ಹೆದರಬೇಡಿ. ನಡುತಿರುಳು ಜೀವಂತ ಭಾಗವಲ್ಲ, ಅದು ಟೊಳ್ಳಾದ ಮಾತ್ರಕ್ಕೆ ಮರ ಸಾಯುವುದಿಲ್ಲ. ಪೊಟರೆಗೆ ಕಲ್ಲು-ಸಿಮೆಂಟು ತುಂಬಿಸಿದರೆ ಗಿಳಿ, ಹಾಲಕ್ಕಿ, ಗೂಬೆಗಳ ಮನೆ ಮುಚ್ಚಿದಂತೆ. ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರದ ಮೂಲ ಕಾಂಡ ರೋಗ ತಗುಲಿ ಎಂದೋ ಹೋಯಿತು. ಸುಮಾರು ಮೂರು ಎಕರೆ ಹರಡಿದ ಮರ ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. ನಿಜವಾದ ಅಪಾಯದ ಗುರುತುಗಳು ಬೇರೆ: ಬುಡದ ಮಣ್ಣು ಒಂದು ಬದಿ ಮೇಲೇಳುವುದು, ಬುಡದಲ್ಲಿ ಅಣಬೆ ಕಾಣಿಸುವುದು, ಮರ ಹೊಸದಾಗಿ ವಾಲುವುದು, ಕವಲಿನಲ್ಲಿ ಬಿರುಕು. ಇವನ್ನು ಕಂಡರೆ ಮಳೆಗಾಲಕ್ಕೆ ಮುಂಚೆ ಅರಣ್ಯ ಇಲಾಖೆಗೆ ಹೇಳಿ. ಮರವನ್ನು ಪ್ರೀತಿಸುವವರು ಅದರ ಕೆಳಗೆ ನಿಲ್ಲುವವರ ಜೀವವನ್ನೂ ನೋಡಿಕೊಳ್ಳಬೇಕು.

6. ಪೂಜೆ, ಅಪ್ಪುಗೆ, ಕೃತಜ್ಞತೆ

ಪೂಜಿಸುವವರು ಪೂಜಿಸಿ. ಮರವನ್ನು ಉಳಿಸಿದ್ದರಲ್ಲಿ ಭಕ್ತಿಯ ಪಾಲು ದೊಡ್ಡದು. ನಾಲ್ಕು ವಿಷಯ ಮಾತ್ರ ಗಮನಿಸಿ.

ವಟಸಾವಿತ್ರಿಗೆ ಸುತ್ತುವ ದಾರ ಹತ್ತಿಯದಾಗಿರಲಿ. ಹತ್ತಿ ಮಳೆಗೆ ಕೊಳೆತು ಬೀಳುತ್ತದೆ, ನೈಲಾನ್ ಬಿಗಿಯುತ್ತಾ ಉಳಿಯುತ್ತದೆ. ಕಾರ್ತಿಕದ ದೀಪವನ್ನು ಕಾಂಡಕ್ಕೆ ತಾಗಿಸಿ ಇಡಬೇಡಿ. ಬಿಸಿಗೆ ತೊಗಟೆ ಸಾಯುತ್ತದೆ, ಚೆಲ್ಲಿದ ಎಣ್ಣೆ ನೆನೆದ ಮಣ್ಣು ನೀರು ಹಿಡಿಯುವುದಿಲ್ಲ. ಮೂರು ನಾಲ್ಕು ಅಡಿ ದೂರದ ಕಲ್ಲಿನ ಮೇಲೆ ಹಚ್ಚಿ. ಅರಿಶಿನ-ಕುಂಕುಮವನ್ನು ಬುಡದ ನಾಗರಕಲ್ಲಿಗೆ ಏರಿಸಿ, ಮರಕ್ಕೆ ನೀರು ಕೊಡಿ. ಒಡೆದ ದೇವರ ಫೋಟೊ, ಗಾಜಿನ ಫ್ರೇಮು, ಪ್ಲಾಸ್ಟಿಕ್ ಹಾರ ತಂದು ಕಟ್ಟೆಗೆ ಒರಗಿಸಿ ಹೋಗಬೇಡಿ. ಬೇರೆಯವರು ಇಟ್ಟದ್ದನ್ನು ತಿಂಗಳಿಗೊಮ್ಮೆ ಅರ್ಚಕರ ಒಪ್ಪಿಗೆ ಪಡೆದು ತೆಗೆಯಿರಿ. ಗಾಜು, ಕಾಗದ, ಮರದ ಪಟ್ಟಿ ಬೇರೆ ಮಾಡಿ ಕೊಡಿ.

ಬನ್ನಿ ಹಬ್ಬದಲ್ಲಿ ಕೊಂಬೆಗಳನ್ನೇ ಮುರಿದು ತರುವುದು ನೋಡಿದರೆ ಸಂಕಟವಾಗುತ್ತದೆ. ಒಬ್ಬರಿಗೆ ಒಂದು ಹಿಡಿ ಎಲೆ ಸಾಕು. ಕರಾವಳಿಯಲ್ಲಿ ಇನ್ನೂ ನೋವಿನ ಸಂಗತಿ ನಡೆದಿದೆ: ಎಷ್ಟೋ ನಾಗಬನಗಳಲ್ಲಿ ಮರ-ಬಳ್ಳಿ ತೆಗೆದು ಕಾಂಕ್ರೀಟಿನ ಕಟ್ಟಡ ಕಟ್ಟಿದ್ದಾರೆ. ಬನವಿಲ್ಲದ ನಾಗಬನ ಆಗಿದೆ. ನಿಮ್ಮ ಕುಟುಂಬದ ಬನಕ್ಕೆ ಜೀರ್ಣೋದ್ಧಾರದ ಮಾತು ಬಂದರೆ ಮರ ಉಳಿಸಿ ಮಾಡೋಣ ಎಂದು ಮೊದಲ ಸಭೆಯಲ್ಲೇ ಹೇಳಿ.

ಪೂಜೆಯಲ್ಲಿ ನಂಬಿಕೆ ಇಲ್ಲದವರು ಸುಮ್ಮನೆ ಹತ್ತು ನಿಮಿಷ ಕೂತರೂ ಆಯಿತು. ಅಪ್ಪಿಕೊಳ್ಳುವುದಕ್ಕೆ ಸಂಕೋಚ ಬೇಡ. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ಕೊಡಲಿಗೆ ಅಡ್ಡ ನಿಂತರು, ಅದೇ ಅಪ್ಪಿಕೋ ಚಳವಳಿಯಾಯಿತು. ಅಪ್ಪುವ ಮೊದಲು ತೊಗಟೆಯ ಮೇಲೆ ಕಂಬಳಿಹುಳು, ಕೆಂಜಿಗ ಇದೆಯೇ ನೋಡಿಕೊಳ್ಳಿ.

7. ನೀರು

ದೊಡ್ಡ ಮರಕ್ಕೆ ದಿನಾ ಒಂದು ಚೊಂಬು ಬುಡಕ್ಕೆ ಸುರಿದರೆ ತೃಪ್ತಿ ನಿಮಗೆ ಮಾತ್ರ. ಸುತ್ತ ಸಿಮೆಂಟು ಕವಿದ ಮರವಾದರೆ ಮಾರ್ಚಿಯಿಂದ ಮೊದಲ ಮಳೆಯವರೆಗೆ ಹತ್ತು ಹದಿನೈದು ದಿನಕ್ಕೊಮ್ಮೆ, ಕಾಂಡದಿಂದ ದೂರದಲ್ಲಿ, ಕೊಂಬೆಯ ಅಂಚಿನಿಂದ ಮಳೆಹನಿ ತೊಟ್ಟಿಕ್ಕುವ ಜಾಗದಲ್ಲಿ ನಿಧಾನವಾಗಿ ಇಂಗಿಸಿ. ತರಕಾರಿ ತೊಳೆದ ನೀರು ಆಗುತ್ತದೆ, ಸೋಪಿನದು ಬೇಡ.

ಸಸಿಯ ಮಾತೇ ಬೇರೆ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಆಲದ ಸಸಿ ನೆಟ್ಟರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅವು ಬದುಕಿದ್ದು ಕೊಡದಲ್ಲಿ ನೀರು ಹೊತ್ತು ಹಾಕಿದ್ದರಿಂದ, ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿದ್ದರಿಂದ. ವನಮಹೋತ್ಸವದ ಜುಲೈ ತಿಂಗಳಲ್ಲಿ ನೆಟ್ಟ ಸಸಿಗೆ ಪರೀಕ್ಷೆ ಬರುವುದು ಮುಂದಿನ ಏಪ್ರಿಲ್‌ನಲ್ಲಿ. ಕನಿಷ್ಠ ಎರಡು ಮೂರು ಬೇಸಿಗೆ, ವಾರಕ್ಕೆ ಒಂದೆರಡು ಸಲ, ಸಸಿಗೆ ಒಂದು ಬಕೆಟ್ ನೀರು ಹೊರುವ ಮನಸ್ಸಿದ್ದರೆ ಮಾತ್ರ ನೆಡಿ.

8. ಕಡಿಯಲು ಬಂದಾಗ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ, ತಮ್ಮ ಸ್ವಂತ ನಿವೇಶನದಲ್ಲಿದ್ದರೂ. ವೃಕ್ಷ ಅಧಿಕಾರಿ ಎಂದರೆ ಈ ಕಾಯ್ದೆಗಾಗಿ ಸರ್ಕಾರ ನೇಮಿಸಿದ ಅರಣ್ಯಾಧಿಕಾರಿ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ನೀಲಗಿರಿ, ಸಿಲ್ವರ್ ಓಕ್, ತೆಂಗು ಅಂಥವು. ಬುಡಕ್ಕೆ ಬೆಂಕಿ ಇಟ್ಟು ಕೊಲ್ಲುವುದೂ ಅಪರಾಧವೇ.

ಗರಗಸದ ಸದ್ದು ಕೇಳಿದರೆ ಮೊದಲು ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಯಾವ ಮರ, ಎಷ್ಟು, ಪೂರ್ತಿ ಕಡಿಯಲೋ ಕೊಂಬೆ ಸವರಲೋ ಎಂಬುದು ಅದರಲ್ಲಿ ಇರುತ್ತದೆ. ಪತ್ರವಿಲ್ಲದಿದ್ದರೆ ಫೋಟೊ, ವಿಡಿಯೊ ತೆಗೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕೂಲಿಯವರ ಮೇಲೆ ಕೂಗಾಡಬೇಡಿ, ನಿರ್ಧಾರ ಅವರದಲ್ಲ. ಮಳೆಗಾಲಕ್ಕೆ ಮುನ್ನ ತಂತಿಗೆ ತಾಗುವ ಕೊಂಬೆ ಸವರುವುದು ಅಗತ್ಯ, ಆದರೆ ಒಂದೇ ಬದಿ ಬೋಳಿಸಿದರೆ ಮರದ ಸಮತೋಲ ತಪ್ಪುತ್ತದೆ. ಎರಡೂ ಕಡೆ ಸಮವಾಗಿ, ಕವಲಿನ ಉಬ್ಬನ್ನು ಬಿಟ್ಟು ಕತ್ತರಿಸಿ ಎಂದು ಕೇಳಿಕೊಳ್ಳಿ. ಆ ಉಬ್ಬಿನಿಂದಲೇ ಗಾಯ ಮುಚ್ಚುವ ತೊಗಟೆ ಬೆಳೆಯುವುದು.

ಹಳ್ಳಿಯಲ್ಲಿದ್ದರೆ ಇನ್ನೊಂದು ದಾರಿಯೂ ಇದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರಗಳ ದಾಖಲೆ ಇಡಬೇಕು. ನಿಮ್ಮ ಹಳೆಯ ಮರವನ್ನು ಅದರಲ್ಲಿ ಸೇರಿಸಲು ಅರ್ಜಿ ಕೊಡಿ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಷ್ಟು ದೊಡ್ಡ ಮಾನ್ಯತೆ ಎಲ್ಲ ಮರಕ್ಕೂ ಸಿಗಲಾರದು, ಆದರೆ ರಸ್ತೆ ಅಗಲಿಸುವ ನಕ್ಷೆ ಬಂದಾಗ ಕಾಗದದ ಮೇಲೆ ಹೆಸರಿರುವ ಮರದ ಪರ ವಾದಿಸುವುದು ಸುಲಭ.

9. ಅದರ ಮಕ್ಕಳನ್ನು ಬೆಳೆಸುವುದು

ವರ್ಷದ ಕೊನೆಗೆ ಬೀಜ ಕೂಡಿಸಿ. ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಗೆ ಬೀಜ ತರುವಾಗ ಪ್ರತಿ ಜಾತಿಯ ತಾಯಿಮರ ಯಾವುದೆಂದು ಗುರುತಿಸುತ್ತಿದ್ದರು. ತಾಯಿಮರ ಎಂದರೆ ಆರೋಗ್ಯವಾಗಿ ಬೆಳೆದು ಒಳ್ಳೆಯ ಬೀಜ ಕೊಡುವ ಹಿರಿಮರ. ನಿಮ್ಮ ಮರ ಅಂಥದ್ದಾಗಿದ್ದರೆ ಅದರ ಬೀಜವೇ ಸಾಕು.

ಇಲ್ಲಿ ಹೆಚ್ಚಿನವರು ಸೋಲುವುದು ತಡ ಮಾಡಿ. ಬೇವಿನ ಬೀಜದ ಮೊಳಕೆ ಶಕ್ತಿ ಎರಡು ಮೂರು ವಾರಗಳಲ್ಲಿ ಇಳಿದುಹೋಗುತ್ತದೆ. ಹಲಸು, ನೇರಳೆಯನ್ನಂತೂ ಹಣ್ಣು ತಿಂದ ಕೂಡಲೇ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ಹೊಂಗೆ, ಹುಣಸೆ ಕೆಲವು ತಿಂಗಳು ಕಾಯುತ್ತವೆ. ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ. ಆಲಕ್ಕೆ ಬೀಜದ ಗೊಡವೆ ಬೇಡ, ಮಳೆಗಾಲದಲ್ಲಿ ಬಲಿತ ಕೊಂಬೆ ನೆಟ್ಟರೆ ಚಿಗುರುತ್ತದೆ.

ಅರಳಿ ಬೇಕೆಂದರೆ ಹಳೆಯ ಕಟ್ಟಡದ ಗೋಡೆ ಬಿರುಕು ನೋಡಿ, ಹಕ್ಕಿ ಹಾಕಿದ ಬೀಜ ಅಲ್ಲಿ ಹುಟ್ಟಿರುತ್ತದೆ. ಕಿತ್ತರೆ ದೋಷವೆಂದು ಮನೆಯವರು ಹೆದರುತ್ತಿರುತ್ತಾರೆ, ಬಿಟ್ಟರೆ ಗೋಡೆ ಹೋಗುತ್ತದೆ. ಜೂನ್-ಜುಲೈನ ಜಿಟಿಜಿಟಿ ಮಳೆಯಲ್ಲಿ, ಸಸಿ ಗೇಣುದ್ದ ಇರುವಾಗಲೇ, ಬೇರಿನ ಸುತ್ತಲಿನ ಗಾರೆಯನ್ನು ನಿಧಾನವಾಗಿ ಸಡಿಲಿಸಿ ಬಿಡಿಸಿಕೊಳ್ಳಿ. ಅರ್ಧದಷ್ಟು ಎಲೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಬೇರು ಸುತ್ತಿ ತಂದು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿದ ಚೀಲದಲ್ಲಿ ನೆಟ್ಟು ನೆರಳಿನಲ್ಲಿಡಿ. ಹೊಸ ಎಲೆ ಮೂಡಿದ ಮೇಲೆ ಬಿಸಿಲಿಗೆ ಒಗ್ಗಿಸಿ, ಮರುವರ್ಷದ ಮೊದಲ ಮಳೆಗೆ ಕೆರೆ ಏರಿಯ ಪಕ್ಕದಲ್ಲೋ ಶಾಲೆಯ ಮೈದಾನದ ಅಂಚಿನಲ್ಲೋ, ಕಟ್ಟಡದಿಂದ ಕನಿಷ್ಠ ಐವತ್ತಡಿ ದೂರದಲ್ಲಿ, ಮೇಲೆ ವಿದ್ಯುತ್ ತಂತಿ ಇಲ್ಲದ ಜಾಗ ನೋಡಿ ನೆಡಿ.